ಡಿಸ್ಕ್ ಇದೆ, ಬೂಟ್ ಆಗ್ತಿಲ್ಲ: ಒಂದು ವರ್ಚುವಲ್ ಡಿಸ್ಕ್‌ನ ಪ್ರಕರಣ ಅಧ್ಯಯನ

ಹಿನ್ನೆಲೆ

ಒಂದು ಚಿಕ್ಕ ಸಂಸ್ಥೆ. ಐಟಿ ಅಂತ ಇರುವುದು ಇಬ್ಬರೇ. ಒಬ್ಬರು ವರ್ಷಗಟ್ಟಲೆ ಸರ್ವರ್ ನೋಡಿಕೊಂಡು ಬಂದ ಹಿರಿಯ ಅಡ್ಮಿನ್. ಇನ್ನೊಬ್ಬಳು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ. ನಾನು ಹೊರಗಿನವನು, ಎರಡನೇ ದಿನ ಸಂಜೆ ಫೋನ್ ಬಂದ ಮೇಲೆ ಸೇರಿಕೊಂಡವನು. ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ. ತಾಂತ್ರಿಕ ವಿಷಯ ಮಾತ್ರ ನಡೆದ ಹಾಗೇ ಇದೆ.

ಅವರ ಹತ್ತಿರ ಒಂದು ಹಳೆಯ ಲಿನಕ್ಸ್ ಸರ್ವರ್ ಇತ್ತು. ಒಳಗಿನ ದಾಖಲೆಗಳೆಲ್ಲ ಅದರಲ್ಲೇ. ಯಂತ್ರದ ಫ್ಯಾನ್ ಸದ್ದು ಮಾಡಲು ಶುರು ಮಾಡಿತ್ತು, ಪವರ್ ಸಪ್ಲೈ ಎರಡು ಸಲ ಕೈಕೊಟ್ಟಿತ್ತು. ಇನ್ನು ಇದನ್ನು ನಂಬುವುದು ಬೇಡ, ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನೊಳಗೇ ಓಡುವ ಕಂಪ್ಯೂಟರ್) ಮಾಡಿ ಹೊಸ ಹೋಸ್ಟ್‌ಗೆ, ಅಂದರೆ ಅದನ್ನು ಓಡಿಸುವ ಯಂತ್ರಕ್ಕೆ, ಹಾಕೋಣ ಎಂದು ತೀರ್ಮಾನಿಸಿದರು. ಹೋಸ್ಟ್‌ನಲ್ಲಿದ್ದದ್ದು ಮಾಮೂಲಿ ವ್ಯವಸ್ಥೆ: ವರ್ಚುವಲ್ ಮಷೀನ್ ಓಡಿಸುವ ಕೆವಿಎಂ, ಕ್ಯೂಎಮು, ಅವನ್ನು ನಿರ್ವಹಿಸುವ ಲಿಬ್‌ವರ್ಟ್.

ಕೆಲಸ ಸುಲಭ ಅನ್ನಿಸಿತ್ತು. ಸರ್ವರನ್ನು ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಒಳಗಿದ್ದ 256 ಜಿಬಿಯ ಎನ್‌ವಿಎಂಇ ಡ್ರೈವನ್ನು ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಡಿಡಿ ಎಂಬ ನಕಲು ಆಜ್ಞೆಯಲ್ಲಿ ಇಮೇಜ್ ತೆಗೆದರು. ಅದನ್ನು ಕ್ಯೂಎಮುವಿನ ವರ್ಚುವಲ್ ಡಿಸ್ಕ್ ಮಾದರಿಯಾದ ಕ್ಯೂಕೌ2 ಫೈಲ್ ಆಗಿ ಬದಲಾಯಿಸಿದರು. ಹೊಸ ವರ್ಚುವಲ್ ಮಷೀನ್ ಮಾಡಿ ಆ ಡಿಸ್ಕ್ ಜೋಡಿಸಿದರು. ಆನ್ ಮಾಡಿದರು.

ಸಮಸ್ಯೆ

ಪರದೆಯ ಮೇಲೆ "ಬೂಟಿಂಗ್ ಫ್ರಮ್ ಹಾರ್ಡ್ ಡಿಸ್ಕ್" ಅಂತ ಬಂತು. ಮೂರು ಚುಕ್ಕಿ. ಅಷ್ಟೇ. ಎರರ್ ಇಲ್ಲ, ಮೆನು ಇಲ್ಲ, ಕರ್ಸರ್ ಮಾತ್ರ ಮಿಣುಕುತ್ತಾ ಕೂತಿದೆ.

ಇದರ ಕಾರಣ ಹಿರಿಯರಿಗೆ ಬೇಗ ಹೊಳೆಯಿತು. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಸಾಫ್ಟ್‌ವೇರ್‌ಗೆ ಫರ್ಮ್‌ವೇರ್ ಅನ್ನುತ್ತಾರೆ. ಹೊಸ ಮಷೀನ್ ಹಳೇ ಶೈಲಿಯ ಫರ್ಮ್‌ವೇರ್ ಆದ ಬಯೋಸ್‌ನಲ್ಲಿ, ಅಂದರೆ ಕ್ಯೂಎಮು ಜೊತೆಗೇ ಬರುವ ಸೀಬಯೋಸ್‌ನಲ್ಲಿ ಎದ್ದಿತ್ತು. ಹಳೆಯ ಸರ್ವರ್ ಹೊಸ ಮಾದರಿಯ ಫರ್ಮ್‌ವೇರ್ ಆದ ಯುಇಎಫ್‌ಐನಲ್ಲಿ ಇನ್‌ಸ್ಟಾಲ್ ಆಗಿದ್ದದ್ದು. ಸೀಬಯೋಸ್ ಡಿಸ್ಕ್‌ನ ಮೊದಲ ಸೆಕ್ಟರ್ (ಡಿಸ್ಕನ್ನು ಎಣಿಸುವ ಸಣ್ಣ ತುಂಡು) ಓದಿ ಕೊನೆಯ ಎರಡು ಬೈಟ್ 55 ಎಎ ಇದೆಯಾ ಅಂತ ನೋಡುತ್ತದೆ. ಜಿಪಿಟಿ (ಡಿಸ್ಕ್‌ನ ಪಾರ್ಟಿಷನ್‌ಗಳನ್ನು ಪಟ್ಟಿ ಮಾಡುವ ಹೊಸ ಮಾದರಿಯ ಟೇಬಲ್) ಇರುವ ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲೂ ಕಾವಲಿಗೆ ಒಂದು ಎಂಬಿಆರ್, ಅಂದರೆ ಹಳೇ ಮಾದರಿಯ ಟೇಬಲ್, ಇರುತ್ತದೆ, ಅದರಲ್ಲೂ 55 ಎಎ ಇರುತ್ತದೆ. ಹಾಗಾಗಿ ಸೀಬಯೋಸ್ "ಸರಿ, ಇದು ಬೂಟ್ ಡಿಸ್ಕ್" ಎಂದು ನಂಬಿ ಆ ಸೆಕ್ಟರ್‌ಗೆ ಹಾರುತ್ತದೆ. ಅಲ್ಲಿ ಕೋಡ್ ಜಾಗದ 446 ಬೈಟೂ ಸೊನ್ನೆ. ಹಾರಿದ ಮೇಲೆ ನಿಲ್ಲಲು ನೆಲವೇ ಇಲ್ಲ.

ಫರ್ಮ್‌ವೇರ್ ಬದಲಾಯಿಸಿ ಒವಿಎಂಎಫ್ ಹಾಕಿದರು. ಇದು ಟಿಯಾನೋಕೋರ್‌ನ ಇಡಿಕೆ2 ಯೋಜನೆಯಿಂದ ಬರುವ, ವರ್ಚುವಲ್ ಮಷೀನ್‌ಗಳಿಗೇ ಮಾಡಿದ ಯುಇಎಫ್‌ಐ. ಈ ಸಲ ಎರರ್ ಬಂತು. ಸಾರಾಂಶ ಇಷ್ಟು: ಬೂಟ್0001, "ಯುಇಎಫ್‌ಐ ಮಿಸ್ಕ್ ಡಿವೈಸ್", ಲೋಡ್ ಆಗಲಿಲ್ಲ, ನಾಟ್ ಫೌಂಡ್. ಆಮೇಲೆ ನೆಟ್‌ವರ್ಕ್‌ನಿಂದ ಬೂಟ್ ಮಾಡಲು ಪಿಎಕ್ಸ್‌ಇ ಪ್ರಯತ್ನ, ಅದೂ ಸೋತು ಕೊನೆಗೆ ಹಳದಿ ಅಕ್ಷರದ ಯುಇಎಫ್‌ಐ ಶೆಲ್.

ಅಸಲಿ ಕಥೆ ಇಲ್ಲಿಂದ ಶುರು.

ಮೊದಲ ದಿನ ಏನೇನು ಮಾಡಿದರು

ಬೂಟ್ ಮ್ಯಾನೇಜರ್ ಮೆನುವಿನಲ್ಲಿ ಹಾರ್ಡ್ ಡಿಸ್ಕ್ ಎಂಬ ಹೆಸರೇ ಕಾಣಲಿಲ್ಲ. ಮಿಸ್ಕ್ ಡಿವೈಸ್ ಒಂದು, ಪಿಎಕ್ಸ್‌ಇ ಒಂದು, ಶೆಲ್ ಒಂದು. ಇಬ್ಬರೂ "ಫರ್ಮ್‌ವೇರ್‌ಗೆ ಡಿಸ್ಕ್ ಕಾಣ್ತಾನೇ ಇಲ್ಲ" ಎಂದು ತೀರ್ಮಾನಿಸಿದರು. ಮೊದಲ ದಿನವಿಡೀ ಹಾಳಾದದ್ದು ಈ ಒಂದು ವಾಕ್ಯದಿಂದ. ವರ್ಟಿಯೋ ಬ್ಲಾಕ್ (ವರ್ಚುವಲ್ ಮಷೀನ್‌ಗೆಂದೇ ಮಾಡಿದ ಜೋಡಣೆ) ಡಿಸ್ಕ್‌ಗೆ ಒವಿಎಂಎಫ್ ಕೊಡುವ ಹೆಸರೇ ಮಿಸ್ಕ್ ಡಿವೈಸ್. ಡಿಸ್ಕ್ ಕಣ್ಣೆದುರಿಗೇ ಇತ್ತು, ಬೇರೆ ಹೆಸರಲ್ಲಿ. ಈ ಹೆಸರಿಟ್ಟವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದವನು.

ಡಿಸ್ಕ್ ಕಾಣುತ್ತಿಲ್ಲ ಎಂದುಕೊಂಡ ಮೇಲೆ ಮಾಡುವುದನ್ನೆಲ್ಲ ಮಾಡಿದರು. ಡಿಸ್ಕ್‌ನ ಬಸ್, ಅಂದರೆ ಜೋಡಿಸುವ ರೀತಿ, ಬದಲಾಯಿಸಿದರು: ವರ್ಟಿಯೋ ತೆಗೆದು ಸಾಟಾ. ಮೆನುವಿನಲ್ಲಿ ಈಗ "ಯುಇಎಫ್‌ಐ ಕ್ಯೂಎಮು ಹಾರ್ಡ್‌ಡಿಸ್ಕ್" ಅಂತ ಬಂತು. ಹಿರಿಯರು ಕುರ್ಚಿಯಿಂದ ಎದ್ದೇ ನಿಂತರಂತೆ. ಎಂಟರ್ ಒತ್ತಿದರೆ ಮತ್ತದೇ ನಾಟ್ ಫೌಂಡ್. ಹೆಸರು ಬದಲಾಗಿತ್ತು, ಬೇರೇನೂ ಬದಲಾಗಿರಲಿಲ್ಲ. ಆದರೆ ಹೆಸರು ಕಂಡದ್ದರಿಂದ "ಸಾಟಾ ಸರಿಯಾದ ದಾರಿ" ಎಂಬ ನಂಬಿಕೆ ಕೂತುಬಿಟ್ಟಿತು. ಈ ನಂಬಿಕೆ ಆಮೇಲೆ ಮತ್ತೊಮ್ಮೆ ಕಾಲಿಗೆ ತೊಡರಿತು. ಅದನ್ನು ಮುಂದೆ ಹೇಳುತ್ತೇನೆ.

ಬೂಟ್ ಆರ್ಡರ್ ತಿರುಗಾ ಮುರುಗಾ ಮಾಡಿದರು. ಸಹಿ ಸರಿ ಇಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದರು. ಸೆಕ್ಯೂರ್ ಬೂಟ್ ತಡೆದಿದ್ದರೆ ಎರರ್‌ನ ಕೊನೆಯಲ್ಲಿ "ಆಕ್ಸೆಸ್ ಡಿನೈಡ್" ಥರದ ಮಾತು ಬರುತ್ತದೆ, ನಾಟ್ ಫೌಂಡ್ ಅಲ್ಲ. ಸಹಿ ತಪ್ಪಾಗಿರುವ ಫೈಲ್ ಸಿಕ್ಕಿದರೆ ತಾನೇ ತಡೆಯುವುದು? ಇಲ್ಲಿ ಫೈಲೇ ಸಿಕ್ಕಿಲ್ಲ. ಸಾಲಿನ ಕೊನೆಯ ಎರಡು ಪದ ಓದಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಇಮೇಜೇ ಕೆಟ್ಟಿರಬಹುದು ಎಂದು ಹುಡುಗಿಗೆ ಅನುಮಾನ ಬಂತು. ಅದು ಒಳ್ಳೆಯ ಅನುಮಾನ. ಕ್ಯೂಕೌ2 ಫೈಲನ್ನು ತಪ್ಪಿ ರಾ (ಬರೀ ಬೈಟ್‌ಗಳ ನಕಲು) ಎಂದು ಜೋಡಿಸಿದರೂ ಇದೇ ರೀತಿ ಆಗುತ್ತದೆ. ಆಗ ಫರ್ಮ್‌ವೇರ್‌ಗೆ ಡಿಸ್ಕ್‌ನ ಒಳಗಿನದರ ಬದಲು ಫೈಲ್‌ನ ತಲೆಬರಹ ಕಾಣುತ್ತದೆ, ಡಿಸ್ಕ್‌ನ ಗಾತ್ರವೂ ಫೈಲ್‌ನಷ್ಟೇ ಚಿಕ್ಕದಾಗಿ ಕಾಣುತ್ತದೆ. ಅವಳು ಕ್ಯೂಎಮು ಇಮೇಜ್ ಟೂಲ್‌ನಲ್ಲಿ ಮಾಹಿತಿ ತೆಗೆದಳು. ಫಾರ್ಮ್ಯಾಟ್ ಕ್ಯೂಕೌ2, ವರ್ಚುವಲ್ ಗಾತ್ರ 256060514304 ಬೈಟ್. ಮೂಲ ಡ್ರೈವ್‌ನಷ್ಟೇ. ಮಷೀನ್‌ನ ವಿವರಣೆ ಇರುವ ಲಿಬ್‌ವರ್ಟ್ ಎಕ್ಸ್‌ಎಂಎಲ್ ಫೈಲ್‌ನಲ್ಲೂ ಫಾರ್ಮ್ಯಾಟ್ ಸರಿ ಇತ್ತು. ಮೊದಲ ದಿನ ಒಂದು ಅನುಮಾನ ಸರಿಯಾಗಿ ಪರೀಕ್ಷೆಯಾಗಿ ಸರಿಯಾಗಿ ಮುಚ್ಚಿದ್ದು ಇದೊಂದೇ.

ಸಂಜೆ ಒಂದು ಅನಾಹುತ ಸ್ವಲ್ಪದರಲ್ಲೇ ತಪ್ಪಿತು. ಹಿರಿಯರು ರೆಸ್ಕ್ಯೂ ಐಎಸ್‌ಒ ಹಾಕಿ ವರ್ಚುವಲ್ ಮಷೀನ್ ಎಬ್ಬಿಸಿದರು. ಡಿಸ್ಕ್ ಇದೆ, ಪಾರ್ಟಿಷನ್ ಒಂದೂ ಇಲ್ಲ. ಪಾರ್ಟಿಷನ್ ಟೂಲ್ ಜಿಡಿಸ್ಕ್ ತೆರೆದರೆ "ಜಿಪಿಟಿ ಇಲ್ಲ, ಹೊಸ ಎಂಟ್ರಿಗಳನ್ನು ಮೆಮೊರಿಯಲ್ಲಿ ಮಾಡಿಕೊಂಡಿದ್ದೇನೆ" ಎಂದು ಹೇಳಿತು. ಬರೆಯುವ ಕೀ ಒತ್ತಿ ಆಮೇಲೆ ಪಾರ್ಟಿಷನ್ ಹುಡುಕೋಣ ಎಂದು ಅವರ ಲೆಕ್ಕ.

"ಸರ್, ಒಂದು ಕಾಪಿ ಇಟ್ಕೊಂಡು ಮಾಡೋಣ್ವಾ?" ಅಂದಳು ಹುಡುಗಿ.

ಬರೆದಿದ್ದರೆ ಏನಾಗುತ್ತಿತ್ತು ಎಂದು ನಾವು ಆಮೇಲೆ ಲೆಕ್ಕ ಹಾಕಿದೆವು. ಡಿಸ್ಕ್‌ನ ಮುಂದಿದ್ದ ಅಸಲಿ ಟೇಬಲ್ಲೂ, ಹಿಂದಿದ್ದ ಅದರ ನಕಲೂ ಎರಡೂ ಒಟ್ಟಿಗೆ ಅಳಿಸಿ ಹೋಗುತ್ತಿದ್ದವು. ಹಳೆಯ ಸರ್ವರ್ ಇನ್ನೂ ಇತ್ತು ನಿಜ, ಆದರೆ ಅದರ ಪವರ್ ಸಪ್ಲೈಯನ್ನು ನಂಬಿ ಯಾರೂ ಮಲಗುವ ಹಾಗಿರಲಿಲ್ಲ. ಅವಳು ಮೂಲ ಫೈಲನ್ನು ಓದಲು ಮಾತ್ರ ಸಾಧ್ಯವಾಗುವ ಹಾಗೆ ಮಾಡಿ, ಅದನ್ನೇ ಆಧಾರವಾಗಿಟ್ಟುಕೊಂಡು ಮೇಲೊಂದು ಓವರ್‌ಲೇ ಕ್ಯೂಕೌ2 ಮಾಡಿದಳು. ಬರೆದದ್ದೆಲ್ಲ ಓವರ್‌ಲೇಗೆ ಹೋಗುತ್ತದೆ. ಬೇಡವಾದರೆ ಅದನ್ನು ಅಳಿಸಿ ಹೊಸದು ಮಾಡಿದರೆ ಆಯಿತು, ಒಂದು ಸೆಕೆಂಡಿನ ಕೆಲಸ. ಮುಂದೆ ನಾವು ಧೈರ್ಯವಾಗಿ ಪ್ರಯೋಗ ಮಾಡಲು ಸಾಧ್ಯವಾದದ್ದು ಈ ಒಂದು ನಿರ್ಧಾರದಿಂದ.

ಪ್ರಶ್ನೆ ಬದಲಾದ ಸಂಜೆ

ನನಗೆ ಫೋನ್ ಬಂದಾಗ ಮೊದಲು ಕೇಳಿದ ಮಾತು: "ಇದು ಯಾಕೆ ಬೂಟ್ ಆಗ್ತಿಲ್ಲ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದರೆ ಊಹೆ ಮಾತ್ರ ಹುಟ್ಟುತ್ತದೆ. ನಾನು ಬೇರೆ ಪ್ರಶ್ನೆ ಕೇಳಿದೆ: ಫರ್ಮ್‌ವೇರ್ ಎಲ್ಲಿಯವರೆಗೆ ಹೋಗಿ ನಿಂತಿದೆ?

ಯುಇಎಫ್‌ಐ ಒಂದು ಡಿಸ್ಕನ್ನು ಬೂಟ್ ಮಾಡುವುದು ಒಂದೇ ಜಿಗಿತದಲ್ಲಿ ಅಲ್ಲ. ಮೊದಲು ಕಂಟ್ರೋಲರ್ ಕಾಣಬೇಕು, ಅದಕ್ಕೆ ಫರ್ಮ್‌ವೇರ್‌ನೊಳಗೇ ಡ್ರೈವರ್ ಇರಬೇಕು. ಆ ಡ್ರೈವರ್ ಮೂಲಕ ಡಿಸ್ಕ್ ಕಾಣಬೇಕು. ಡಿಸ್ಕ್‌ನಲ್ಲಿ ಪಾರ್ಟಿಷನ್ ಟೇಬಲ್ ಸಿಗಬೇಕು. ಟೇಬಲ್‌ನಲ್ಲಿರುವ ಒಂದು ಪಾರ್ಟಿಷನ್‌ನಲ್ಲಿ ಓದಲು ಬರುವ ಫೈಲ್ ಸಿಸ್ಟಂ, ಸಾಮಾನ್ಯವಾಗಿ ಫ್ಯಾಟ್32, ಇರಬೇಕು. ಅದರೊಳಗೆ ಬೂಟ್ ಫೈಲ್ ಇರಬೇಕು. ಆ ಫೈಲ್ ಎಲ್ಲಿದೆ ಎಂದು ಫರ್ಮ್‌ವೇರ್ ತನ್ನ ಸೆಟ್ಟಿಂಗ್ ಇಡುವ ನೆನಪಿನ, ಅಂದರೆ ಎನ್‌ವಿರ‍್ಯಾಮ್‌ನ ಬೂಟ್ ಎಂಟ್ರಿ ಹೇಳಬೇಕು. ಎಂಟ್ರಿ ಇಲ್ಲದಿದ್ದರೆ ಫೈಲ್ ಎಲ್ಲರಿಗೂ ಗೊತ್ತಿರುವ ಖಾಯಂ ಜಾಗದಲ್ಲಿ ಇರಬೇಕು: ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಎಂಬ ಫೈಲ್. ಈ ಸರಪಳಿ ಎಲ್ಲೇ ಕಡಿದರೂ ಪರದೆಯ ಮೇಲೆ ಬರುವುದು ಹೆಚ್ಚುಕಡಿಮೆ ಒಂದೇ ಮಾತು. ನಾಟ್ ಫೌಂಡ್.

ಎಲ್ಲಿ ಕಡಿದಿದೆ ಎಂದು ನೋಡಲು ಬೇರೆ ಟೂಲ್ ಬೇಡ. ಎರಡು ದಿನದಿಂದ ಎಲ್ಲರೂ ಬೈದುಕೊಂಡು ಮುಚ್ಚುತ್ತಿದ್ದ ಹಳದಿ ಅಕ್ಷರದ ಶೆಲ್ಲೇ ಸಾಕು. ಅದರಲ್ಲಿ ಮ್ಯಾಪ್ ಆಜ್ಞೆ ಕೊಟ್ಟರೆ ಫರ್ಮ್‌ವೇರ್‌ಗೆ ಕಂಡದ್ದೆಲ್ಲ ಪಟ್ಟಿಯಾಗುತ್ತದೆ. ಬಿಎಲ್‌ಕೆ ಎಂದು ಶುರುವಾಗುವುದು ಬ್ಲಾಕ್ ಸಾಧನ: ಇಡೀ ಡಿಸ್ಕ್ ಅಥವಾ ಒಂದು ಪಾರ್ಟಿಷನ್. ಎಫ್‌ಎಸ್ ಎಂದು ಶುರುವಾಗುವುದು ಓದಲು ಬರುವ ಫೈಲ್ ಸಿಸ್ಟಂ.

ಐಎಸ್‌ಒ ತೆಗೆಸಿ, ಮ್ಯಾಪ್ ಕೊಡಿಸಿ, ಪರದೆಯ ಫೋಟೋ ಕಳಿಸಲು ಹೇಳಿದೆ. ಬಂದ ಫೋಟೋದಲ್ಲಿ ಒಂದೇ ಸಾಲು. ಬಿಎಲ್‌ಕೆ0, ಅದರ ಹಾದಿಯಲ್ಲಿ ಪಿಸಿಐ, ಸಾಟಾ. ಬಿಎಲ್‌ಕೆ1 ಇಲ್ಲ. ಎಫ್‌ಎಸ್0 ಇಲ್ಲ.

ಅಂದರೆ ಕಂಟ್ರೋಲರ್ ಸರಿ. ಡಿಸ್ಕ್ ಸರಿ. ಕಡಿದದ್ದು ಮೂರನೇ ಕೊಂಡಿ: ಪಾರ್ಟಿಷನ್ ಟೇಬಲ್. ಬಸ್ ಬದಲಾವಣೆ, ಬೂಟ್ ಆರ್ಡರ್, ಸೆಕ್ಯೂರ್ ಬೂಟ್ ಇವೆಲ್ಲ ಈ ಕೊಂಡಿಗೆ ಸಂಬಂಧವೇ ಇಲ್ಲದ ಕೆಲಸಗಳು. ಒಂದೂವರೆ ದಿನದ ಊಹೆಗಳು ಒಂದು ಫೋಟೋದಲ್ಲಿ ಬಿದ್ದುಹೋದವು.

29.8

ಹಳೆಯ ಸರ್ವರ್ ಅದೇ ಡ್ರೈವ್‌ನಿಂದ ದಿನಾ ಬೂಟ್ ಆಗುತ್ತಿತ್ತು. ಟೇಬಲ್ ಇರಲೇಬೇಕು. ಇಮೇಜ್‌ನ ಗಾತ್ರವೂ ಸರಿ ಇದೆ. ಹಾಗಾದರೆ ಟೇಬಲ್ ಯಾಕೆ ಸಿಗುತ್ತಿಲ್ಲ?

ರೆಸ್ಕ್ಯೂ ಐಎಸ್‌ಒ ಮತ್ತೆ ಹಾಕಿ, ಈ ಸಲ ಓವರ್‌ಲೇ ಮೇಲೆ, ಎಫ್‌ಡಿಸ್ಕ್‌ನಲ್ಲಿ ಪಟ್ಟಿ ತೆಗೆಸಿದೆ. ಕರ್ನಲ್‌ಗೆ ಕಾಣದ ಒಂದು ಸಾಲು ಎಫ್‌ಡಿಸ್ಕ್‌ನಲ್ಲಿ ಬಂತು: ಇಇ ಮಾದರಿಯ ಒಂದೇ ಒಂದು ಪಾರ್ಟಿಷನ್. ಇದು ಕಾವಲು ಎಂಬಿಆರ್‌ನ ಎಂಟ್ರಿ. ಹಳೇ ಟೂಲ್‌ಗಳು ಜಿಪಿಟಿ ಡಿಸ್ಕನ್ನು ಖಾಲಿ ಎಂದುಕೊಂಡು ಬರೆಯದಿರಲಿ ಎಂದು "ಈ ಡಿಸ್ಕ್ ಪೂರ್ತಿ ನಂದು" ಎಂದು ಹೇಳಿಕೊಳ್ಳುವ ಎಂಟ್ರಿ. ಇದು ಒಂದೇ ಇದ್ದರೆ ಒವಿಎಂಎಫ್ ಅದನ್ನು ಬೇಕೆಂದೇ ಪಾರ್ಟಿಷನ್ ಆಗಿ ತೋರಿಸುವುದಿಲ್ಲ. ತೋರಿಸಿ, ಯಾರಾದರೂ ಅದನ್ನು ಫಾರ್ಮ್ಯಾಟ್ ಮಾಡಿದರೆ ಜಿಪಿಟಿಯೇ ಹಾಳಾಗುತ್ತದೆ.

ಆ ಸಾಲನ್ನು ಓದಿ ಮುಂದೆ ಹೋಗುವವನಿದ್ದೆ. ಹುಡುಗಿ ನಿಲ್ಲಿಸಿದಳು.

"ಸರ್, ಡಿಸ್ಕ್ 238.5 ಜಿಬಿ ಇದೆ. ಪೂರ್ತಿ ಡಿಸ್ಕ್ ನಂದು ಅನ್ನೋ ಪಾರ್ಟಿಷನ್ 29.8 ಜಿಬಿ ಅಂತಿದೆ. ಅದು ಹೇಗೆ?"

ಭಾಗಿಸಿ ನೋಡಿ. ಸರಿಯಾಗಿ ಎಂಟು.

ಆ ಎಂಟ್ರಿಯಲ್ಲಿ ಗಾತ್ರ ಬರೆಯುವುದು ಬೈಟ್‌ನಲ್ಲಿ ಅಲ್ಲ, ಸೆಕ್ಟರ್ ಲೆಕ್ಕದಲ್ಲಿ. 512 ಬೈಟ್‌ನ ಸೆಕ್ಟರ್ ಆದರೆ ಈ ಡಿಸ್ಕ್‌ನಲ್ಲಿ 500118192 ಸೆಕ್ಟರ್. 4096 ಬೈಟ್‌ನದ್ದಾದರೆ 62514774. ಬರೆದವರು ದೊಡ್ಡ ಸೆಕ್ಟರ್‌ನಲ್ಲಿ ಎಣಿಸಿದ್ದಾರೆ, ಈಗ ಓದುತ್ತಿರುವವರು ಚಿಕ್ಕ ಸೆಕ್ಟರ್‌ನಲ್ಲಿ ಎಣಿಸುತ್ತಿದ್ದಾರೆ. 4096ನ್ನು 512ರಿಂದ ಭಾಗಿಸಿದರೂ ಎಂಟೇ ಅಲ್ವಾ.

ಜಿಪಿಟಿಯ ಹೆಡರ್ ಇರುವುದು ಸೆಕ್ಟರ್ 1ರಲ್ಲಿ, ಅಂದರೆ ಸೊನ್ನೆಯಿಂದ ಎಣಿಸಿದರೆ ಎರಡನೆಯದು. ಸೆಕ್ಟರ್ 512 ಬೈಟ್ ಆದರೆ ಹೆಡರ್ 512ನೇ ಬೈಟ್‌ನಲ್ಲಿ. ಸೆಕ್ಟರ್ 4096 ಆದರೆ 4096ನೇ ಬೈಟ್‌ನಲ್ಲಿ. ಹೆಕ್ಸ್ ಡಂಪ್ ತೆಗೆದೆವು. 512ರಲ್ಲಿ ಬರೀ ಸೊನ್ನೆಗಳ ಸಾಲು. 4096ಕ್ಕೆ ಹೋದರೆ 45 46 49 20 50 41 52 54. ಇವು "ಇಎಫ್‌ಐ ಪಾರ್ಟ್" ಎಂಬ ಎಂಟು ಅಕ್ಷರಗಳ ಸಂಕೇತ, ಪ್ರತಿ ಜಿಪಿಟಿ ಹೆಡರ್ ಶುರುವಾಗುವುದೇ ಹೀಗೆ. ಟೇಬಲ್ ಎಲ್ಲೂ ಹೋಗಿರಲಿಲ್ಲ. ಫರ್ಮ್‌ವೇರ್ ಪಕ್ಕದ ಬಾಗಿಲು ತಟ್ಟುತ್ತಿತ್ತು, ಅಷ್ಟೇ.

ಹಿರಿಯರಿಗೆ ಆಗ ನೆನಪಾಯಿತು. ಅವರಿಗಿಂತ ಮೊದಲಿದ್ದವರು ಆ ಸರ್ವರ್ ಕಟ್ಟುವಾಗ ಎನ್‌ವಿಎಂಇ ಡ್ರೈವನ್ನು 4096 ಬೈಟ್ ಸೆಕ್ಟರ್‌ಗೆ ಫಾರ್ಮ್ಯಾಟ್ ಮಾಡಿದ್ದರು. ಅನೇಕ ಎನ್‌ವಿಎಂಇ ಡ್ರೈವ್‌ಗಳಲ್ಲಿ ಹೀಗೆ ಆಯ್ಕೆ ಮಾಡಬಹುದು. ತಪ್ಪೇನೂ ಅಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ ಅನ್ನುವುದೊಂದೇ ತಪ್ಪು. ಡಿಡಿ ಬೈಟ್‌ಗಳನ್ನು ನಿಷ್ಠೆಯಿಂದ ನಕಲು ಮಾಡುತ್ತದೆ. ಸೆಕ್ಟರ್ ಎಷ್ಟು ದೊಡ್ಡದು ಎನ್ನುವುದು ಡ್ರೈವ್‌ನ ಗುಣ, ಬೈಟ್‌ಗಳಲ್ಲಿ ಬರುವಂಥದ್ದಲ್ಲ. ಅದು ಇಮೇಜ್ ಫೈಲ್ ಜೊತೆ ಬರಲೇ ಇಲ್ಲ. ಕ್ಯೂಎಮು ತನ್ನ ಮಾಮೂಲಿ 512 ಹಾಕಿಕೊಂಡಿತು.

ಪರಿಹಾರ ಹಾಕಿದ ಮೇಲೂ ಅದೇ ಎರರ್

ಲಿಬ್‌ವರ್ಟ್‌ನಲ್ಲಿ ಡಿಸ್ಕ್‌ನ ವಿವರಣೆಗೆ ಬ್ಲಾಕ್‌ಐಒ ಎಂಬ ಒಂದು ಸಾಲು ಸೇರಿಸಿ ಲಾಜಿಕಲ್ ಸೆಕ್ಟರ್ 4096, ಫಿಸಿಕಲ್ ಸೆಕ್ಟರ್ 4096 ಎಂದು ಹೇಳಬಹುದು. ಸೇರಿಸಿದರು. ಈ ಸಲ ಮಷೀನ್ ಆನ್ ಕೂಡ ಆಗಲಿಲ್ಲ. ಹಳೆಯ ಡಿಸ್ಕ್ ಜೋಡಣೆಯಾದ ಐಡಿಇಗೆ ಲಾಜಿಕಲ್ ಸೆಕ್ಟರ್ 512 ಮಾತ್ರ ಇರಬಹುದು ಎಂದು ಕ್ಯೂಎಮು ಗದರಿತು. ಮೊದಲ ದಿನ ಹೆಸರು ಕಂಡಿತು ಅಂತ ಹಿಡಿದುಕೊಂಡಿದ್ದ ಸಾಟಾ ಇಲ್ಲಿ ಅಡ್ಡ ಬಂತು. ಕ್ಯೂಎಮು ಒಳಗೆ ಸಾಟಾ ಡಿಸ್ಕ್‌ಗೂ ಐಡಿಇ ಡಿಸ್ಕ್‌ಗೂ ಒಂದೇ ನಿಯಮ.

ವರ್ಟಿಯೋಗೆ ವಾಪಸ್ ಬಂದೆವು. ಆನ್ ಆಯಿತು. ಪರದೆ ನೋಡಿದರೆ:

ಯುಇಎಫ್‌ಐ ಮಿಸ್ಕ್ ಡಿವೈಸ್, ನಾಟ್ ಫೌಂಡ್.

ಅಕ್ಷರ ಅಕ್ಷರವೂ ಮೊದಲ ದಿನದ್ದೇ. ಫೋನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರು, "ಬಿಡಿ, ಇದೂ ಅಲ್ಲ. ಆ ಸಾಲು ತೆಗೀತೀನಿ" ಎಂದರು.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಗಳಿಗೆ ಇದು. ಆ ಸಾಲು ತೆಗೆದಿದ್ದರೆ ಸರಿಯಾದ ಪರಿಹಾರವನ್ನೇ ಕೈಬಿಟ್ಟಂತೆ. ಆಮೇಲೆ ಅದನ್ನು ಇನ್ನೊಮ್ಮೆ ಪ್ರಯತ್ನಿಸುವ ಮನಸ್ಸೂ ಬರುತ್ತಿರಲಿಲ್ಲ, "ಅದು ಮಾಡಿ ಆಯ್ತಲ್ಲ" ಅನ್ನುತ್ತಿದ್ದೆವು. ಎಷ್ಟೋ ತೊಂದರೆಗಳು ವಾರಗಟ್ಟಲೆ ಎಳೆಯುವುದು ಹೀಗೇ: ಎರಡು ದೋಷ ಒಂದರ ಹಿಂದೆ ಒಂದು ನಿಂತಿರುತ್ತವೆ, ಒಂದನ್ನು ಸರಿ ಮಾಡಿದರೂ ಹೊರಗೆ ಏನೂ ಬದಲಾದಂತೆ ಕಾಣುವುದಿಲ್ಲ.

"ತೆಗೆಯೋ ಮೊದಲು ಒಮ್ಮೆ ಮ್ಯಾಪ್ ಕೊಡಿ" ಎಂದೆ.

ಬಿಎಲ್‌ಕೆ0. ಬಿಎಲ್‌ಕೆ1. ಬಿಎಲ್‌ಕೆ2. ಎಲ್ಲಕ್ಕಿಂತ ಮೇಲೆ ಎಫ್‌ಎಸ್0. ಆ ಸಾಲಿನಲ್ಲಿ ಜಿಪಿಟಿ ಎಂಬ ಪದವೂ ಇತ್ತು. ಸರಪಳಿಯಲ್ಲಿ ಎರಡು ಕೊಂಡಿ ಮುಂದೆ ಬಂದಿದ್ದೆವು. ಪರದೆಯ ಮೇಲಿನ ಎರರ್‌ಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಎಫ್‌ಎಸ್0 ಒಳಗೆ ಹೋಗಿ ಇಎಫ್‌ಐ ಫೋಲ್ಡರ್ ಪಟ್ಟಿ ಮಾಡಿದೆವು. ಒಂದೇ ಫೋಲ್ಡರ್, ಲಿನಕ್ಸ್ ವಿತರಣೆಯ ಹೆಸರಿನದ್ದು. ಬೂಟ್ ಫೋಲ್ಡರ್ ಇಲ್ಲ. ಖಾಯಂ ಜಾಗದ ಬೂಟ್‌ಎಕ್ಸ್64 ಇಲ್ಲ. ಎರಡನೇ ದೋಷ ಇದು. ಹಳೆಯ ಸರ್ವರ್‌ನಲ್ಲಿ ಈ ಫೋಲ್ಡರ್‌ನ ದಾರಿ ಗೊತ್ತಿದ್ದದ್ದು ಆ ಮದರ್‌ಬೋರ್ಡ್‌ನ ಎನ್‌ವಿರ‍್ಯಾಮ್‌ಗೆ. ಡಿಸ್ಕ್ ಇಮೇಜ್ ಜೊತೆ ಮದರ್‌ಬೋರ್ಡ್ ನೆನಪು ಬರುವುದಿಲ್ಲ. ಹೊಸ ವರ್ಚುವಲ್ ಮಷೀನ್‌ಗೆ ಒವಿಎಂಎಫ್‌ನ ವೇರಿಯಬಲ್ ಫೈಲ್‌ನ ಹೊಸ ಪ್ರತಿ ಸಿಕ್ಕಿತ್ತು, ಖಾಲಿ. ಎಂಟ್ರಿ ಇಲ್ಲ, ಖಾಯಂ ಜಾಗದಲ್ಲಿ ಫೈಲೂ ಇಲ್ಲ. ನಾಟ್ ಫೌಂಡ್ ಎಂದು ಅದು ಹೇಳಿದ್ದು ಈ ಸಲ ಬೇರೆಯೇ ವಸ್ತುವಿನ ಬಗ್ಗೆ.

ಉಳಿದದ್ದು ಸಲೀಸು. ಫರ್ಮ್‌ವೇರ್ ಮೆನುವಿನಲ್ಲಿ ಬೂಟ್ ಫ್ರಮ್ ಫೈಲ್ ಆರಿಸಿ ಲಿನಕ್ಸ್ ಎಬ್ಬಿಸುವ ಗ್ರಬ್ ಫೈಲನ್ನು ಕೈಯಾರೆ ತೋರಿಸಿದೆವು. ಗ್ರಬ್ ಬಂತು, ಕರ್ನಲ್ ಬಂತು, ಲಾಗಿನ್ ಬಂತು. ಬೂಟ್‌ನ ಶುರುವಿನಲ್ಲಿ ಕರ್ನಲ್ ಬಳಸುವ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ವರ್ಟಿಯೋ ಡ್ರೈವರ್ ಇದ್ದದ್ದು ನಮ್ಮ ಅದೃಷ್ಟ. ಇಲ್ಲದಿದ್ದರೆ ಫರ್ಮ್‌ವೇರ್‌ಗೆ ಕಂಡ ಡಿಸ್ಕ್ ಕರ್ನಲ್‌ಗೆ ಕಾಣದೆ ಇನ್ನೊಂದು ರಾತ್ರಿ ಕೂರಬೇಕಿತ್ತು. ಒಳಗೆ ಹೋದ ಮೇಲೆ ಗ್ರಬ್ ಇನ್‌ಸ್ಟಾಲನ್ನು ರಿಮೂವಬಲ್ ಆಯ್ಕೆ ಕೊಟ್ಟು ಓಡಿಸಿದೆವು. ಅದು ಖಾಯಂ ಜಾಗದಲ್ಲಿ ಬೂಟ್‌ಎಕ್ಸ್64 ಹಾಕುತ್ತದೆ. ಇಎಫ್‌ಐ ಬೂಟ್ ಮ್ಯಾನೇಜರ್ ಆಜ್ಞೆಯಲ್ಲಿ ಎನ್‌ವಿರ‍್ಯಾಮ್ ಎಂಟ್ರಿಯನ್ನೂ ಸೇರಿಸಿದೆವು. ಎರಡರಲ್ಲಿ ಒಂದೇ ಸಾಕು ಅನ್ನುವವರಿದ್ದಾರೆ. ನನ್ನ ಮಾತು ಕೇಳಿದರೆ ವರ್ಚುವಲ್ ಮಷೀನ್‌ಗೆ ಮೊದಲನೆಯದು ಇರಲೇಬೇಕು. ಡಿಸ್ಕ್ ಫೈಲ್ ಊರೂರು ಸುತ್ತುತ್ತದೆ, ಎನ್‌ವಿರ‍್ಯಾಮ್ ಫೈಲ್ ಹಿಂದೆಯೇ ಉಳಿಯುತ್ತದೆ.

ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಐಪಿ ಬರಲಿಲ್ಲ. ಅದು ಐದು ನಿಮಿಷದ ಕೆಲಸ.

ಒಂದು ನಿರ್ಧಾರ, ಅದರ ಬೆಲೆ

ಮಷೀನ್ ಎದ್ದ ಮೇಲೆ ಒಂದು ಪ್ರಶ್ನೆ ಉಳಿದಿತ್ತು. ಸೆಕ್ಟರ್ ಗಾತ್ರದ ತಕರಾರನ್ನು ಎರಡು ರೀತಿ ಬಗೆಹರಿಸಬಹುದು. ಒಂದು, ಈಗ ಮಾಡಿದ ಹಾಗೆ ಡಿಸ್ಕ್ 4096ರದ್ದು ಎಂದು ವರ್ಚುವಲ್ ಮಷೀನ್‌ಗೆ ಹೇಳುವುದು. ಡಿಸ್ಕ್‌ನ ಒಂದು ಬೈಟನ್ನೂ ಮುಟ್ಟಬೇಕಿಲ್ಲ. ಇನ್ನೊಂದು, ಡಿಸ್ಕ್‌ನ ಜಿಪಿಟಿಯನ್ನೇ 512ರ ಲೆಕ್ಕದಲ್ಲಿ ಹೊಸದಾಗಿ ಬರೆಯುವುದು. ಪಾರ್ಟಿಷನ್‌ಗಳೊಳಗಿನ ಡೇಟಾ ಇದ್ದಲ್ಲೇ ಇರುತ್ತದೆ, ಟೇಬಲ್‌ನ ಅಂಕಿಗಳು ಮಾತ್ರ ಎಂಟು ಪಟ್ಟಾಗುತ್ತವೆ.

ನಾನು ಎರಡನೆಯದನ್ನು ಹೇಳಿದೆ. ಹಿರಿಯರು ಮೊದಲನೆಯದನ್ನು ಆರಿಸಿದರು. ಎರಡು ದಿನ ನಿದ್ದೆ ಕೆಟ್ಟಿತ್ತು, ಮಷೀನ್ ಓಡುತ್ತಿತ್ತು, ಓಡುತ್ತಿರುವ ಡಿಸ್ಕ್‌ನ ಟೇಬಲ್ ಮುಟ್ಟಲು ಯಾರಿಗೆ ಮನಸ್ಸು ಬರುತ್ತದೆ? ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಎಕ್ಸ್‌ಎಂಎಲ್‌ನಲ್ಲಿರುವ ಆ ಒಂದು ಸಾಲಿನ ಮೇಲೆ ಎಲ್ಲ ನಿಂತಿದೆ, ಮರೀಬೇಡಿ ಎಂದು ಮಾತ್ರ ಹೇಳಿದೆ. ಹುಡುಗಿ ಅದನ್ನು ಅವರ ದಾಖಲೆಯಲ್ಲಿ ಬರೆದಿಟ್ಟಳು.

ಎರಡು ತಿಂಗಳ ನಂತರ ಬ್ಯಾಕಪ್ ಪರೀಕ್ಷೆ ಮಾಡಿದರು. ಬ್ಯಾಕಪ್ ಸ್ಕ್ರಿಪ್ಟ್ ಉಳಿಸುತ್ತಿದ್ದದ್ದು ಡಿಸ್ಕ್ ಫೈಲನ್ನು ಮಾತ್ರ, ಮಷೀನ್‌ನ ಎಕ್ಸ್‌ಎಂಎಲ್ ಅದರಲ್ಲಿ ಇರಲಿಲ್ಲ. ಬೇರೆ ಹೋಸ್ಟ್‌ನಲ್ಲಿ ಹೊಸ ಮಷೀನ್ ಮಾಡಿ ಆ ಡಿಸ್ಕ್ ಹಾಕಿದರು. ಮಿಸ್ಕ್ ಡಿವೈಸ್, ನಾಟ್ ಫೌಂಡ್.

ಈ ಸಲ ನನಗೆ ಫೋನ್ ಬಂದದ್ದು ಎಲ್ಲ ಮುಗಿದ ಮೇಲೆ. ಹುಡುಗಿ ನೇರವಾಗಿ ಮ್ಯಾಪ್ ಕೊಟ್ಟಿದ್ದಾಳೆ, ಬಿಎಲ್‌ಕೆ0 ಒಂದೇ ಇರುವುದು ನೋಡಿದ್ದಾಳೆ, ದಾಖಲೆ ತೆಗೆದಿದ್ದಾಳೆ. ಹದಿನೈದು ನಿಮಿಷ. ಆಮೇಲೆ ಹಿರಿಯರೇ ಹೇಳಿದರಂತೆ: "ಇನ್ನು ಟೇಬಲ್ ಬದಲಾಯಿಸಿಯೇ ಬಿಡೋಣ."

ಮಾಡಿದ್ದು ಹೀಗೆ. ಮಷೀನ್ ಆಫ್ ಮಾಡಿ, ಡಿಸ್ಕ್‌ನ ಪೂರ್ತಿ ಪ್ರತಿ ತೆಗೆದು, ಪ್ರತಿಯ ಮೇಲೆ ಕೆಲಸ. ಮೊದಲು 4096ರಲ್ಲೇ ಜೋಡಿಸಿ ಪ್ರತಿ ಪಾರ್ಟಿಷನ್‌ನ ಮೊದಲ ಸೆಕ್ಟರ್, ಕೊನೆಯ ಸೆಕ್ಟರ್, ಮಾದರಿಯ ಜಿಯುಐಡಿ (ಗುರುತಿನ ಸಂಖ್ಯೆ), ಪಾರ್ಟಿಷನ್‌ನ ಸ್ವಂತ ಜಿಯುಐಡಿ ಎಲ್ಲ ಕಾಗದದ ಮೇಲೆ ಬರೆದುಕೊಂಡರು. ಆಮೇಲೆ 512ರಲ್ಲಿ ಜೋಡಿಸಿ ಹೊಸ ಜಿಪಿಟಿ. ಶುರುವಿನ ಅಂಕಿಯನ್ನು ಎಂಟರಿಂದ ಗುಣಿಸುವುದು ಸುಲಭ. ಕೊನೆಯ ಅಂಕಿಯಲ್ಲಿ ಎಡವುತ್ತಾರೆ: ಒಂದು ಕೂಡಿ, ಎಂಟರಿಂದ ಗುಣಿಸಿ, ಒಂದು ಕಳೆಯಬೇಕು. ಸುಮ್ನೆ ಗುಣಿಸಿದರೆ ಪಾರ್ಟಿಷನ್ ಏಳು ಸೆಕ್ಟರ್ ಕಮ್ಮಿಯಾಗುತ್ತದೆ, ಒಳಗಿನ ಫೈಲ್ ಸಿಸ್ಟಂ ಅದರಿಂದ ಹೊರಗೆ ಚಾಚಿಕೊಳ್ಳುತ್ತದೆ. ಅವರ ಇಎಫ್‌ಐ ಪಾರ್ಟಿಷನ್ 256ರಿಂದ 131327ರವರೆಗೆ ಇತ್ತು. ಅದು 2048ರಿಂದ 1050623 ಆಯಿತು. ಪಾರ್ಟಿಷನ್ ಟೇಬಲ್ ನೋಡಿ ರೂಢಿ ಇರುವವರಿಗೆ ಈ ಎರಡು ಅಂಕಿ ಚಿರಪರಿಚಿತ. ಅವು ಕಂಡಾಗಲೇ ಲೆಕ್ಕ ಸರಿ ಇದೆ ಎಂದು ಧೈರ್ಯ ಬಂತಂತೆ.

ಜಿಯುಐಡಿಗಳನ್ನು ಹಳೆಯವೇ ಇಟ್ಟರು. ಇಎಫ್‌ಐ ಪಾರ್ಟಿಷನ್‌ನ ಫ್ಯಾಟ್ ಒಳಗೂ 4096 ಎಂದು ಬರೆದಿತ್ತು. ಅನುಮಾನವೇ ಬೇಡ ಎಂದು ಅದರ ಫೈಲ್‌ಗಳನ್ನು ತೆಗೆದಿಟ್ಟು, ಹಳೆಯ ವಾಲ್ಯೂಮ್ ಸಂಖ್ಯೆಯನ್ನೇ ಕೊಟ್ಟು ಫ್ಯಾಟ್32 ಹೊಸದಾಗಿ ಮಾಡಿ, ಫೈಲ್‌ಗಳನ್ನು ವಾಪಸ್ ಹಾಕಿದರು. ಎಕ್ಸ್‌ಎಂಎಲ್‌ನಿಂದ ಬ್ಲಾಕ್‌ಐಒ ಸಾಲು ತೆಗೆದರು. ವೇರಿಯಬಲ್ ಫೈಲನ್ನೂ ಬೇಕಂತಲೇ ಅಳಿಸಿ ಖಾಲಿ ಪ್ರತಿ ಇಟ್ಟರು.

ಹುಡುಗಿ ಆ ರಾತ್ರಿ ಎರಡು ಫೋಟೋ ಕಳಿಸಿದಳು. ಒಂದರಲ್ಲಿ ಮ್ಯಾಪ್‌ನ ಪಟ್ಟಿ, ಮೇಲೆ ಎಫ್‌ಎಸ್0. ಇನ್ನೊಂದರಲ್ಲಿ ಲಾಗಿನ್ ಪರದೆ. ಜೊತೆಗೆ ಒಂದು ಸಾಲು: "ಬ್ಯಾಕಪ್ ಸ್ಕ್ರಿಪ್ಟ್‌ಗೆ ಎಕ್ಸ್‌ಎಂಎಲ್ಲೂ ಸೇರಿಸಿದೀನಿ ಸರ್, ಯಾವುದಕ್ಕೂ ಇರ್ಲಿ ಅಂತ."